ಬಿಡದ ಬಾಡಿಗೆದಾರ, ತಾಳದ ಮಾಲೀಕ

ಮನೆ ಖಾಲಿ ಮಾಡಿ ಎಂದು ಹೇಳಿ ಆರು ತಿಂಗಳಾದರೂ ಬಾಡಿಗೆದಾರ ಕದಲದಿದ್ದರೆ ತುಮಕೂರಿನ ಮನೆ ಮಾಲೀಕನಿಗೆ ಮೂರು ಕಡೆಯಿಂದ ಮೂರು ಮಾತು ಕೇಳಿಬರುತ್ತವೆ. ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟ್ರು ಸ್ವಾಮಿ, ಕೋರ್ಟಿಗೆ ಹೋಗಿ’ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಪಕ್ಕದ ಮನೆಯವರು ‘ಕೋರ್ಟು ಅಂತ ಹೋದ್ರೆ ಮೊಮ್ಮಕ್ಕಳ ಕಾಲಕ್ಕೆ ಮನೆ ಸಿಗೋದು, ನಲ್ಲಿ ಬಂದ್ ಮಾಡಿ, ಫ್ಯೂಸ್ ಕಿತ್ತಾಕಿ, ತಾನೇ ಓಡ್ತಾನೆ’ ಎನ್ನುತ್ತಾರೆ. ಇನ್ಯಾರೋ ತಮಗೆ ಗೊತ್ತಿರುವ ‘ಹುಡುಗರ’ ಫೋನ್ ನಂಬರು ಕೊಡುತ್ತಾರೆ. ಮೊದಲನೆಯದು ನಿಜ, ಆದರೆ ಅರ್ಧಕ್ಕೇ ನಿಂತ ಮಾತು. ಉಳಿದೆರಡು ಮಾಲೀಕನನ್ನೇ ಆರೋಪಿಯ ಜಾಗಕ್ಕೆ ತಂದು ನಿಲ್ಲಿಸುವ ದಾರಿಗಳು.

ಠಾಣೆಯವರು ಹೇಳದೆ ಬಿಟ್ಟ ಅರ್ಧವನ್ನು ಇಲ್ಲಿ ನೋಡೋಣ. ಮನೆ ಬಿಡದವನ ಬಲ ಕಾನೂನಿನ ಪುಸ್ತಕದಲ್ಲಿ ಇರುವುದು ಬಹಳ ಕಡಿಮೆ. ಅವನ ನಿಜವಾದ ಬಲ ಇರುವುದು ನ್ಯಾಯಾಲಯದ ನಿಧಾನದಲ್ಲಿ, ಮಾಲೀಕನ ಕಾಗದಪತ್ರದ ಹುಳುಕಿನಲ್ಲಿ, ಮಾಲೀಕನ ಸಿಟ್ಟಿನಲ್ಲಿ. ನಿಧಾನವನ್ನು ನೀವು ನಾವು ಸರಿಮಾಡಲಾರೆವು. ಉಳಿದೆರಡು ಮಾಲೀಕನ ಕೈಯಲ್ಲೇ ಇವೆ.

ಈ ಭಾಗದಲ್ಲಿ ಬಾಡಿಗೆ ಮನೆ ಈಗ ಸಣ್ಣ ಸಂಗತಿಯಲ್ಲ. ತುಮಕೂರಿನಲ್ಲಿ 1963ರಲ್ಲೇ ಸಿದ್ಧಗಂಗಾ ತಾಂತ್ರಿಕ ಕಾಲೇಜು ಬಂತು, 2004ರಲ್ಲಿ ವಿಶ್ವವಿದ್ಯಾಲಯ ಬಂತು, ಆಮೇಲೆ ವಸಂತನರಸಾಪುರದ ಕಾರ್ಖಾನೆಗಳು ಬಂದವು. ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬಂದು ದುಡಿಯುವವರು ಎಸ್.ಎಸ್.ಪುರಂ, ಬಟವಾಡಿ, ಕ್ಯಾತ್ಸಂದ್ರದ ಮಹಡಿ ಮನೆಗಳಲ್ಲಿ ಇದ್ದಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ರೈಲು 2017ರಿಂದ ಓಡುತ್ತಿದೆ. ಇಲ್ಲಿ ಮನೆ ಬಾಡಿಗೆಗೆ ಕೊಡುವವರು ಬಹುಪಾಲು ದೊಡ್ಡ ಕುಳಗಳಲ್ಲ. ನಿವೃತ್ತಿ ಹಣದಲ್ಲಿ ಮೇಲೊಂದು ಅಂತಸ್ತು ಎತ್ತಿದ ಮೇಷ್ಟರು, ಗಂಡ ಕಾಲವಾದ ಮೇಲೆ ಬಾಡಿಗೆಯಲ್ಲೇ ಜೀವನ ಸಾಗಿಸುವ ಹೆಂಗಸು, ತೆಂಗಿನ ತೋಟ ಮಾರಿ ಪಟ್ಟಣದಲ್ಲಿ ಮನೆ ಕಟ್ಟಿಸಿದ ರೈತ. ಇಂಥವರಿಗೆ ಒಂದು ಮನೆ ಸಿಕ್ಕಿಹಾಕಿಕೊಂಡರೆ ತಿಂಗಳ ಲೆಕ್ಕವೇ ತಪ್ಪುತ್ತದೆ.

ಇವರನ್ನು ಕಾಡುವ ಮೊದಲ ಭಯ, ‘ಹನ್ನೆರಡು ವರ್ಷ ಇದ್ರೆ ಮನೆ ಅವನದೇ ಆಗಿಬಿಡುತ್ತಂತೆ’ ಎಂಬುದು. ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ನಮ್ಮ ಹಳ್ಳಿಗಳ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿದ, ಭೂ ನ್ಯಾಯಮಂಡಳಿ ಹಕ್ಕು ಕೊಟ್ಟಿತು, ಒಡೆಯನ ಕೈಯಿಂದ ಜಮೀನು ಹೋಯಿತು. ಜಮೀನು ಪಡೆದ ಮನೆತನಗಳೂ ಕಳೆದುಕೊಂಡ ಮನೆತನಗಳೂ ಜಿಲ್ಲೆಯ ತುಂಬ ಇವೆ. ಅದು ನ್ಯಾಯವಾಗಿತ್ತೇ ಎಂಬುದು ಬೇರೆಯೇ ಚರ್ಚೆ. ನನ್ನ ಮಟ್ಟಿಗೆ ಅದು ಆಗಬೇಕಾಗಿದ್ದ ಕೆಲಸವೇ. ಆದರೆ ಅದು ಉಳುವ ಜಮೀನಿನ ಕಾನೂನು. ಪೇಟೆಯ ಮನೆಯ ಬಾಡಿಗೆಗೂ ಅದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ.

ಹನ್ನೆರಡು ವರ್ಷದ ಮಾತು ಬಂದಿರುವುದು 1963ರ ಕಾಲಮಿತಿ ಕಾಯ್ದೆಯಿಂದ. ಮಾಲೀಕನ ಹಕ್ಕನ್ನೇ ಒಪ್ಪದೆ, ಎಲ್ಲರ ಕಣ್ಣೆದುರಿಗೇ, ಇದು ನನ್ನದು ಎಂದು ಹನ್ನೆರಡು ವರ್ಷ ಸ್ವಾಧೀನದಲ್ಲಿರುವವನ ವಿಷಯ ಅದು. ಬಾಡಿಗೆದಾರ ಒಳಗೆ ಬಂದದ್ದೇ ಮಾಲೀಕನ ಅನುಮತಿಯಿಂದ. ಹಾಗೆ ಬಂದವನು, ಬಂದಾಗ ಆ ಮನೆ ನಿಮ್ಮದಾಗಿರಲಿಲ್ಲ ಎಂದು ವಾದಿಸುವುದಕ್ಕೆ ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಹಿಂದೆ ಇದು 1872ರ ಕಾಯ್ದೆಯ 116ನೇ ಕಲಂನಲ್ಲಿತ್ತು. 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 122ನೇ ಕಲಂನಲ್ಲಿದೆ. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದರೂ ಬಾಡಿಗೆದಾರ ಬಾಡಿಗೆದಾರನೇ. ಒಂದು ಎಚ್ಚರಿಕೆ ಮಾತ್ರ ಉಂಟು: ಬಾಡಿಗೆ ಸಂಬಂಧವನ್ನು ನೋಟಿಸು ಕೊಟ್ಟು ಮುಗಿಸಿದ ಮೇಲೆ ದಾವೆ ಹಾಕದೆ ಹನ್ನೆರಡು ವರ್ಷ ಕೈಕಟ್ಟಿ ಕೂರಬಾರದು. ಅಷ್ಟು ಕಾಲ ಸುಮ್ಮನಿರುವವರು ಇದ್ದಾರೆಯೇ ಎಂದು ಕೇಳಬೇಡಿ. ಮಕ್ಕಳೆಲ್ಲ ಅಮೆರಿಕದಲ್ಲಿರುವ ಮನೆಗಳಲ್ಲಿ ಇದ್ದಾರೆ.

ಇದೇ ಭಯ 2023ರಲ್ಲಿ ಗೃಹಜ್ಯೋತಿ ಬಂದಾಗ ಹೊಸ ವೇಷದಲ್ಲಿ ಎದ್ದಿತು. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು ಎಂದಾಗ, ಮೀಟರಿನ ಆರ್.ಆರ್. ಸಂಖ್ಯೆಗೆ ಅವರ ಆಧಾರ್ ಜೋಡಿಸಿದರೆ ಮನೆಯೇ ಕೈತಪ್ಪುತ್ತದೆ ಎಂದು ಎಷ್ಟೋ ಮಾಲೀಕರು ಬಿಲ್ಲನ್ನೇ ಕೊಡಲಿಲ್ಲ. ಮೀಟರಿಗೆ ಆಧಾರ್ ಜೋಡಣೆಯಾದರೆ ಮನೆಯ ಹಕ್ಕು ಹುಟ್ಟುವುದಿಲ್ಲ. ಮನೆ ಬದಲಿಸುವವರಿಗಾಗಿ ಆ ಜೋಡಣೆ ಬಿಡಿಸುವ ವ್ಯವಸ್ಥೆಯೂ ಆಮೇಲೆ ಬಂತು. ಹಾಗೆ ನೋಡಿದರೆ ‘ನಾನು ಇಲ್ಲಿ ಬಾಡಿಗೆಗಿದ್ದೇನೆ’ ಎಂದು ಬಾಡಿಗೆದಾರನೇ ಬರೆದುಕೊಟ್ಟ ಅರ್ಜಿ ಮಾಲೀಕನಿಗೆ ಒಳ್ಳೆಯ ಪುರಾವೆ.

ಎರಡನೆಯ ಭಯಕ್ಕೆ ಇನ್ನೂ ಗಟ್ಟಿ ಕಾರಣವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೇಟೆಗಳಲ್ಲಿ ಮನೆಗಳ ಅಭಾವವಾಗಿ ಬಾಡಿಗೆ ನಿಯಂತ್ರಣದ ಆದೇಶಗಳು ಹುಟ್ಟಿದವು. ಮೈಸೂರು ಸೀಮೆಯಲ್ಲಿ ಅದು 1951ರಲ್ಲಿ ಒಂದು ಕಾಯ್ದೆಯಾಯಿತು, 1961ರಲ್ಲಿ ಇಡೀ ರಾಜ್ಯಕ್ಕೆ ಬಾಡಿಗೆ ನಿಯಂತ್ರಣ ಕಾಯ್ದೆಯಾಯಿತು. ಅದರಡಿ ಮನೆ ಖಾಲಿಯಾದರೆ ಮಾಲೀಕ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಯಾರಿಗೆ ಕೊಡಬೇಕೆಂದು ಆತ ಆದೇಶ ಮಾಡಬಹುದಿತ್ತು. ಬಾಡಿಗೆದಾರನನ್ನು ಬಿಡಿಸಲು 21ನೇ ಕಲಂನಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನಾದರೂ ರುಜುವಾತು ಮಾಡಬೇಕಿತ್ತು. ‘ನನಗೇ ಮನೆ ಬೇಕು’ ಎಂದು ಸಾಬೀತು ಮಾಡುವುದರಲ್ಲೇ ಮಾಲೀಕರ ತಲೆ ನರೆಯುತ್ತಿತ್ತು. ಹಳೆಯ ವಕೀಲರ ಬಾಯಲ್ಲಿ ಇವತ್ತಿಗೂ ಇಂಥವು ‘ಎಚ್.ಆರ್.ಸಿ. ಕೇಸು’ಗಳೇ. ಮುಂಬಯಿಯಲ್ಲಂತೂ ಬಾಡಿಗೆಯನ್ನು 1940ರ ಮಟ್ಟದಲ್ಲೇ ಹೂತಿಟ್ಟಿದ್ದರು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಪ್ರಕರಣಕ್ಕೆ ನಮ್ಮ ಕರಾವಳಿಯ ಊರಿನ ಹೆಸರು ಹೊತ್ತ ಮಲ್ಪೆ ವಿಶ್ವನಾಥ ಆಚಾರ್ಯ ಎಂಬವರ ಹೆಸರೇ ಅಂಟಿಕೊಂಡಿದೆ. ಇದು ತರ್ಕಕ್ಕೆ ನಿಲ್ಲದ ವ್ಯವಸ್ಥೆ ಎಂದು ನ್ಯಾಯಾಲಯ 1997ರ ಡಿಸೆಂಬರಿನಲ್ಲಿ ಹೇಳಿತು.

ಆ ಕಾಲ ಮುಗಿದಿದೆ. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವ ಕರ್ನಾಟಕ ಬಾಡಿಗೆ ಕಾಯ್ದೆ, 1999, ತನ್ನ ಕೈಗೆ ಬರುವ ಮನೆಗಳನ್ನೇ ಕಿರಿದು ಮಾಡಿಕೊಂಡಿತು. ಅದರ ಮೊದಲ ಅನುಸೂಚಿಯ ‘ಎ’ ಭಾಗದಲ್ಲಿ ಹೆಸರಿಸಿದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ವ್ಯಾಪಾರದ ಜಾಗವಾದರೆ 14 ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರಡಿಗಿಂತ, ದೊಡ್ಡ ಮಳಿಗೆಗಳೂ ಹೊರಗೆ. ಈ ಮೊತ್ತಗಳು ಕಾಲು ಶತಮಾನದಿಂದ ಹಾಗೇ ಇವೆ. ಇವತ್ತು ಗುಬ್ಬಿಯ ಒಳಬೀದಿಯಲ್ಲೂ 2,000ಕ್ಕೆ ಒಂದು ಸಂಸಾರ ಇರಬಹುದಾದ ಮನೆ ಸಿಗುವುದು ಕಷ್ಟ. ಆದ್ದರಿಂದ ಆ ಕಾಯ್ದೆಯ ನೆರಳು ಉಳಿದಿರುವುದು ಮುಖ್ಯವಾಗಿ ತುಮಕೂರಿನ ಹಳೆಯ ಪೇಟೆಯಂಥ ಕಡೆ, ಅಪ್ಪನ ಕಾಲದಿಂದ ನೂರಿನ್ನೂರು ರೂಪಾಯಿಗೆ ಇರುವವರ ಮನೆ, ಮಳಿಗೆಗಳಲ್ಲಿ. ಅಲ್ಲಿಯೂ ಬಾಡಿಗೆದಾರ ತೀರಿಕೊಂಡರೆ ಅವನ ಹೆಂಡತಿ ಮಕ್ಕಳಿಗೆ ಆ ಹಕ್ಕು ಉಳಿಯುವುದು ಐದು ವರ್ಷ ಮಾತ್ರ.

ಉಳಿದವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಅಡಿಯಲ್ಲಿ ಬರುತ್ತಾರೆ. ಈ ಬ್ರಿಟಿಷ್ ಕಾಲದ ಮುದುಕ ಕಾನೂನು ಮಾಲೀಕನನ್ನು ‘ನಿನಗೆ ಮನೆ ಏಕೆ ಬೇಕು’ ಎಂದು ಕೇಳುವುದೇ ಇಲ್ಲ. ಬಾಡಿಗೆ ಬಾಕಿ ಇರಬೇಕಿಲ್ಲ, ಮಗಳ ಮದುವೆಯ ಕಾರಣ ಹೇಳಬೇಕಿಲ್ಲ. ತಿಂಗಳ ಬಾಡಿಗೆಯ ಸಂಬಂಧವನ್ನು 106ನೇ ಕಲಂ ಪ್ರಕಾರ ಹದಿನೈದು ದಿನಗಳ ಲಿಖಿತ ನೋಟಿಸಿನಿಂದ ಮುಗಿಸಬಹುದು. ಅಷ್ಟೇ. ಹಿಂದೆ ನೋಟಿಸಿನ ಗಡುವು ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಸರಿಯಾಗಿ ಮುಗಿಯಬೇಕಿತ್ತು. ಒಂದು ದಿನ ಹೆಚ್ಚುಕಡಿಮೆಯಾದರೂ ಇಡೀ ದಾವೆ ಬಿದ್ದುಹೋಗುತ್ತಿತ್ತು. ಈ ತಾಂತ್ರಿಕ ಗಂಟಿನಲ್ಲೇ ಬಾಡಿಗೆದಾರರ ವಕೀಲರು ವರ್ಷಗಟ್ಟಲೆ ಆಡಿದ್ದಾರೆ. 2002ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಗಂಟನ್ನು ಕತ್ತರಿಸಿತು.

ನೋಟಿಸು ಎಂದರೆ ವಾಟ್ಸಾಪಿನಲ್ಲಿ ‘ಮನೆ ಬಿಡಿ’ ಎಂದು ಕಳಿಸಿದ ಸಂದೇಶವಲ್ಲ. ಮನೆಯ ವಿವರ, ಬಾಡಿಗೆಯ ಮೊತ್ತ, ಇಂಥ ದಿನಕ್ಕೆ ಬಾಡಿಗೆ ಸಂಬಂಧ ಕೊನೆಗೊಳ್ಳುತ್ತದೆ ಎಂಬ ಮಾತು, ಸಹಿ, ಇಷ್ಟೂ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಅವೆರಡೂ ಆಗದಿದ್ದರೆ ಬಾಗಿಲಿಗೆ ಅಂಟಿಸಲೂಬಹುದು. ನಮಗೆ ಗೊತ್ತಿದ್ದ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಹೆಸರು ಏನೇ ಇರಲಿ, ತಲುಪಿದ್ದಕ್ಕೆ ಸಹಿ ಬರುವಂತೆ ಕಳಿಸಿ. ಬಾಡಿಗೆದಾರ ಪೋಸ್ಟ್‌ಮ್ಯಾನ್‌ಗೆ ‘ನಾನು ತಗೊಳಲ್ಲ’ ಎಂದರೆ ಹೆದರಬೇಕಿಲ್ಲ. ಸರಿಯಾದ ವಿಳಾಸಕ್ಕೆ ಹೋಗಿ ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ಹಿಂದೆ ಬಂದ ಲಕೋಟೆಯನ್ನು ತಲುಪಿದ್ದೆಂದೇ ಕಾನೂನು ಭಾವಿಸುತ್ತದೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ, ನ್ಯಾಯಾಧೀಶರ ಮುಂದೆಯೇ ಒಡೆಯಲಿ.

ಇಲ್ಲಿ ಹನ್ನೊಂದು ತಿಂಗಳ ಕರಾರಿನ ಮಾತು ಬರುತ್ತದೆ. ‘ಹನ್ನೊಂದು ತಿಂಗಳಿಗೆ ಬರೆಸಿದೀವಲ್ಲ, ಅದಕ್ಕೇ ಬಿಡಲೇಬೇಕು’ ಎಂದು ಮಾಲೀಕರು ನಂಬಿದ್ದಾರೆ. ಆದರೆ ಹನ್ನೊಂದು ತಿಂಗಳು ಬಂದದ್ದು ಬಿಡಿಸುವುದಕ್ಕಲ್ಲ, ನೋಂದಣಿ ತಪ್ಪಿಸುವುದಕ್ಕೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಹನ್ನೊಂದಕ್ಕೆ ನಿಲ್ಲಿಸಿದರೆ ಆ ಖರ್ಚು ಉಳಿಯುತ್ತದೆ. ಅವಧಿ ಮುಗಿದ ಮೇಲೂ ಮಾಲೀಕ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ, ಮತ್ತೆ ಹದಿನೈದು ದಿನಗಳ ನೋಟಿಸು ಬೇಕು. ಕರಾರೇ ಇಲ್ಲದಿದ್ದರೂ ಅದೇ ನಿಯಮ. ಕರಾರು ಇಲ್ಲದವರಿಗೆ ಬ್ಯಾಂಕಿಗೆ ಬಾಡಿಗೆ ಬಂದ ದಾಖಲೆ ಇದ್ದರೆ ಬಾಡಿಗೆ ಸಂಬಂಧ ತೋರಿಸುವುದಕ್ಕೆ ದೊಡ್ಡ ಆಧಾರ. ಕೈಯಲ್ಲೇ ನಗದು ತೆಗೆದುಕೊಂಡು ರಸೀದಿ ಕೊಡದ ಮಾಲೀಕನಿಗೆ ಮಾತ್ರ ಪೇಚು. ತೆರಿಗೆ ಉಳಿಸಲು ಮಾಡಿದ ಜಾಣತನ ಕಟಕಟೆಯಲ್ಲಿ ತಿರುಗುಬಾಣವಾಗುತ್ತದೆ.

ಛಾಪಾ ಕಾಗದದ ಲೋಪಕ್ಕೂ ಬೆಲೆ ತೆರಬೇಕಾಗುತ್ತದೆ. ಸಾಕಷ್ಟು ಮುದ್ರಾಂಕವಿಲ್ಲದ ಕರಾರನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವ ಮೊದಲು ನ್ಯಾಯಾಲಯ ಅದನ್ನು ತಡೆಹಿಡಿದು, ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿಸಿಕೊಳ್ಳುತ್ತದೆ. ನೋಟರಿಯ ಕೆಂಪು ಮೊಹರಿನಿಂದ ಈ ಕೊರತೆ ತುಂಬುವುದಿಲ್ಲ.

ನೋಟಿಸಿನ ಅವಧಿ ಮುಗಿದರೂ ಅವನು ಅಲ್ಲೇ ಇದ್ದಾನೆ. ಈಗಲೇ ಮಾಲೀಕನ ರಕ್ತ ಕುದಿಯುವುದು, ಪಕ್ಕದ ಮನೆಯವರ ಸಲಹೆ ಸಿಹಿಯಾಗಿ ಕೇಳಿಸುವುದು. ಬಾಡಿಗೆ ಸಂಬಂಧ ಮುಗಿದಿದ್ದರೂ ಒಳಗಿರುವವನನ್ನು ಕಾನೂನಿನ ಕ್ರಮದಲ್ಲಿ ಮಾತ್ರ ಹೊರಗೆ ಕಳಿಸಬಹುದು. ಕರ್ನಾಟಕ ಹೈಕೋರ್ಟ್ 1985ರ ಪಾಟೀಲ್ ಎಕ್ಸಿಬಿಟರ್ಸ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 1989ರ ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಇದನ್ನೇ ಹೇಳಿವೆ. ಇರುವ ಹಕ್ಕು ಇಲ್ಲದವನಾದರೂ ನೆಲೆಯಾಗಿ ಸ್ವಾಧೀನದಲ್ಲಿದ್ದರೆ ಅವನನ್ನು ಮಾಲೀಕ ತನ್ನ ಕೈಯಾರೆ ಹೊರಹಾಕುವಂತಿಲ್ಲ. ಹಾಗೆ ಹಾಕಿದರೆ ಅವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹಿಡಿದು ಆರು ತಿಂಗಳೊಳಗೆ ದಾವೆ ಹೂಡುತ್ತಾನೆ. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೊರಹಾಕಿದ್ದು ನಿಜವೇ ಎಂಬುದಷ್ಟೇ ಪ್ರಶ್ನೆ. ನಿಜವಾದರೆ ಅದೇ ಬಾಡಿಗೆದಾರ ನಿಮ್ಮ ಖರ್ಚಿನಲ್ಲಿ ನಿಮ್ಮ ಮನೆಗೆ ಮರಳುತ್ತಾನೆ.

ನೀರು, ಕರೆಂಟು ತೆಗೆಸುವುದೂ ಹೀಗೆಯೇ. ಅವನಿಲ್ಲದಾಗ ಬೀಗ ಮುರಿದು ಸಾಮಾನು ಹೊರಗಿಟ್ಟರಂತೂ ವ್ಯಾಜ್ಯ ಸಿವಿಲ್ಲಿನಿಂದ ಕ್ರಿಮಿನಲ್ಲಿಗೆ ದಾಟುತ್ತದೆ. ನಿಮಗೆ ‘ಸಿವಿಲ್ ಮ್ಯಾಟ್ರು’ ಎಂದು ಹಿಂಬರಹ ಕೊಟ್ಟ ಠಾಣೆಯೇ ಅವನ ದೂರಿನ ಮೇಲೆ ಅಕ್ರಮ ಪ್ರವೇಶ, ಅಕ್ರಮ ತಡೆ ಎಂದು ಎಫ್‌ಐಆರ್ ದಾಖಲಿಸಬಹುದು. ಇದು ಅನ್ಯಾಯ ಎಂದು ಮಾಲೀಕನಿಗೆ ಅನ್ನಿಸುವುದು ಸಹಜ. ಆದರೆ ಬೀದಿಬೀದಿಯಲ್ಲಿ ಮಾಲೀಕರೇ ತೀರ್ಪು ಕೊಟ್ಟು ಜಾರಿ ಮಾಡುವ ಊರಿನಲ್ಲಿ ಮೊದಲು ಬೀದಿಗೆ ಬೀಳುವವರು ಬಡ ಬಾಡಿಗೆದಾರರು. ಈ ನಿಯಮ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಎದುರು ಪಕ್ಷದ ಒಂದು ನಡೆಯನ್ನು ಮುಂಚೆಯೇ ತಿಳಿದಿರಬೇಕು. ನೋಟಿಸು ಕೈಗೆ ಬಂದ ಕೂಡಲೇ ಚತುರ ಬಾಡಿಗೆದಾರ ತಾನೇ ಮೊದಲು ನ್ಯಾಯಾಲಯಕ್ಕೆ ಹೋಗಿ, ‘ಮಾಲೀಕರು ಬಲವಂತವಾಗಿ ಹೊರಹಾಕಲು ಬಂದಿದ್ದಾರೆ’ ಎಂದು ನಿರ್ಬಂಧಕಾಜ್ಞೆಯ ದಾವೆ ಹಾಕುತ್ತಾನೆ. ಸಮನ್ಸು ನೋಡಿ ಮಾಲೀಕನ ಕೈಕಾಲು ತಣ್ಣಗಾಗುತ್ತದೆ. ‘ಸ್ಟೇ ತಂದಿದಾನೆ, ಇನ್ನು ಮುಗೀತು’ ಎಂದು ತಲೆ ಮೇಲೆ ಕೈಹೊತ್ತು ಕೂರುತ್ತಾನೆ. ಮುಗಿಯುವುದೇನೂ ಇಲ್ಲ. ಅಂಥ ಆಜ್ಞೆ ಹೇಳುವುದು ಕಾನೂನು ಕ್ರಮವಿಲ್ಲದೆ ಹೊರಹಾಕಬೇಡಿ ಎಂದಷ್ಟೇ. ನೀವು ತೆರವು ದಾವೆ ಹಾಕುವುದಕ್ಕೆ ಅದು ಅಡ್ಡಿಯಲ್ಲ. ಮೇಲಾಗಿ ತನ್ನ ದಾವೆಯಲ್ಲಿ ಅವನೇ ‘ನಾನು ಇವರ ಬಾಡಿಗೆದಾರ, ತಿಂಗಳಿಗೆ ಇಷ್ಟು ಬಾಡಿಗೆ’ ಎಂದು ಪ್ರಮಾಣ ಮಾಡಿರುತ್ತಾನೆ. ನೀವು ಸಾಕ್ಷಿ ತಂದು ರುಜುವಾತು ಮಾಡಬೇಕಿದ್ದನ್ನು ಅವನೇ ಬರೆದುಕೊಟ್ಟಂತಾಯಿತು. ಏಕಪಕ್ಷೀಯ ಆಜ್ಞೆ ಬೇಡವೆನ್ನುವವರು ನೋಟಿಸಿನ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಂ ಅಡಿ ಕೇವಿಯಟ್ ಹಾಕಿಡಬಹುದು. ಅದು ತೊಂಬತ್ತು ದಿನ ಜೀವಂತವಿರುತ್ತದೆ.

ತೆರವು ದಾವೆಗೆ ಹೆಚ್ಚಾಗಿ ತುಮಕೂರಿಗೇ ಅಲೆಯಬೇಕಿಲ್ಲ. ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಸಿವಿಲ್ ನ್ಯಾಯಾಲಯಗಳಿವೆ. ಮನೆಯ ಬೆಲೆ ಅರವತ್ತು ಲಕ್ಷವಾದರೆ ಅದಕ್ಕೆ ತಕ್ಕ ಶುಲ್ಕ ಕಟ್ಟಬೇಕಲ್ಲ ಎಂದು ಹಿಂಜರಿಯುವವರಿದ್ದಾರೆ. ಬಾಡಿಗೆದಾರನನ್ನು ಬಿಡಿಸುವ ದಾವೆಗೆ ನ್ಯಾಯಾಲಯ ಶುಲ್ಕ ಲೆಕ್ಕವಾಗುವುದು ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ. ತಿಂಗಳಿಗೆ ಎಂಟು ಸಾವಿರವಾದರೆ ತೊಂಬತ್ತಾರು ಸಾವಿರದ ಮೇಲೆ, ಅಷ್ಟೇ. ಖಾತೆ, ಕಂದಾಯ ರಸೀದಿ ಜೊತೆಗಿರಲಿ, ಆದರೆ ಇಲ್ಲಿ ತೀರ್ಮಾನವಾಗಬೇಕಿರುವುದು ಮನೆಯ ಮೂಲ ಹಕ್ಕಲ್ಲ. ಬಾಡಿಗೆ ಸಂಬಂಧ ಇತ್ತು, ನೋಟಿಸಿನಿಂದ ಮುಗಿಯಿತು, ಆದರೂ ಬಿಟ್ಟಿಲ್ಲ, ಇಷ್ಟು ತೋರಿಸಿದರೆ ಸಾಕು. ಬಾಡಿಗೆದಾರ ತನ್ನ ಹೇಳಿಕೆಯಲ್ಲಿ ಇವನ್ನೆಲ್ಲ ಒಪ್ಪಿಕೊಂಡಿದ್ದರೆ, ವಿಚಾರಣೆಗೆ ಕಾಯದೆ ಆ ಒಪ್ಪಿಗೆಯ ಮೇಲೆಯೇ ತೀರ್ಪು ಕೊಡಿ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದ 6ನೇ ನಿಯಮದ ಅಡಿ ಕೇಳಬಹುದು. ಇದನ್ನು ಬಳಸಬೇಕಾದಷ್ಟು ನಮ್ಮ ವಕೀಲರು ಬಳಸುವುದಿಲ್ಲ.

ಡಿಕ್ರಿ ಬಂದ ಮೇಲೆ ಮೇಲ್ಮನವಿ, ಮೇಲ್ಮನವಿಯಲ್ಲಿ ತಡೆಯಾಜ್ಞೆ. ಹಳೆಯ ಬಾಡಿಗೆಯನ್ನೇ ಕಟ್ಟುತ್ತಾ ಹತ್ತು ವರ್ಷ ತಳ್ಳುವ ಆಟಕ್ಕೆ ಒಂದು ಮದ್ದು ಉಂಟು. ದೆಹಲಿಯ ಕನಾಟ್ ಸರ್ಕಸ್‌ನ ಜಾಗವೊಂದರಲ್ಲಿ ತಿಂಗಳಿಗೆ 371 ರೂಪಾಯಿ 90 ಪೈಸೆ ಬಾಡಿಗೆಗಿದ್ದ ಬಾಡಿಗೆದಾರನಿಗೆ, ತೆರವಿನ ಆದೇಶಕ್ಕೆ ತಡೆ ಬೇಕಾದರೆ ತಿಂಗಳಿಗೆ 15,000 ಠೇವಣಿ ಇಡು ಎಂದು ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2004ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಆತ್ಮಾರಾಮ್ ಪ್ರಾಪರ್ಟೀಸ್ ಎಂದು ಹೆಸರಾದ ಈ ತೀರ್ಪಿನ ಸಾರ ಸರಳ. ಡಿಕ್ರಿಯಾದ ದಿನದಿಂದ ಅವನು ಬಾಡಿಗೆದಾರನಲ್ಲ. ಆ ಜಾಗಕ್ಕೆ ಇವತ್ತು ಎಷ್ಟು ಬಾಡಿಗೆ ಬರುತ್ತದೋ ಅಷ್ಟು ಕಟ್ಟಿಯೇ ಕೂರಬೇಕು. ಮೇಲ್ಮನವಿಯ ಮೊದಲ ವಾಯಿದೆಯಲ್ಲೇ ನಿಮ್ಮ ವಕೀಲರು ಇದನ್ನು ಕೇಳದಿದ್ದರೆ ನೀವೇ ನೆನಪಿಸಿ. ಅಕ್ಕಪಕ್ಕದ ಮನೆಗಳ ಈಗಿನ ಬಾಡಿಗೆ ಕರಾರುಗಳ ಪ್ರತಿ ಒಂದೆರಡನ್ನು ಹೊಂದಿಸಿಕೊಡಿ.

ಕೊನೆಯ ಮೆಟ್ಟಿಲು ಅಮಲ್ಜಾರಿ. ಡಿಕ್ರಿ ಕೈಯಲ್ಲಿದ್ದರೂ ನ್ಯಾಯಾಲಯದ ಅಮೀನ ಬಂದು ಬಾಗಿಲು ತೆರೆಸಿ ಸ್ವಾಧೀನ ಕೊಡಿಸುವವರೆಗೆ ಮನೆ ನಿಮ್ಮದಾಗದು. ಬೆಂಗಳೂರಿನ ಮೈಸೂರು ರಸ್ತೆಯ ಸ್ವತ್ತೊಂದರ ಅಮಲ್ಜಾರಿ ಹದಿನಾಲ್ಕು ವರ್ಷ ಎಳೆದಾಡಿದ್ದನ್ನು ನೋಡಿ, 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಹುಲ್ ಷಾ ಪ್ರಕರಣದಲ್ಲಿ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕು ಎಂದಿತು. 2025ರಲ್ಲಿ ಅದೇ ನ್ಯಾಯಾಲಯ ದೇಶದ ಲೆಕ್ಕ ಕೇಳಿದಾಗ ಬಾಕಿ ಇದ್ದವು 8.82 ಲಕ್ಷ ಅರ್ಜಿಗಳು. ಆ ಲೆಕ್ಕಕ್ಕೆ ಆಗ ಅಂಕಿಅಂಶ ಕೊಡದೆ ನ್ಯಾಯಪೀಠದಿಂದ ಮಾತು ಕೇಳಿಸಿಕೊಂಡದ್ದು ನಮ್ಮ ಕರ್ನಾಟಕ ಹೈಕೋರ್ಟ್. ಪಕ್ಕದ ಮನೆಯವರ ‘ಮೊಮ್ಮಕ್ಕಳ ಕಾಲ’ದ ಕುಹಕಕ್ಕೆ ನಾವು ಸಿಟ್ಟಾಗುವ ಹಾಗಿಲ್ಲ.

ಇಷ್ಟು ಹೊತ್ತು ಬಿಡದವನನ್ನು ಕಳ್ಳನ ಹಾಗೆ ಚಿತ್ರಿಸಿದಂತಾಯಿತು. ಎಲ್ಲರೂ ಹಾಗಲ್ಲ. ಎಷ್ಟೋ ತಕರಾರುಗಳ ಬುಡದಲ್ಲಿರುವುದು ಮಾಲೀಕ ಖರ್ಚು ಮಾಡಿಕೊಂಡ ಅಡ್ವಾನ್ಸು. ಭೋಗ್ಯದ ಮನೆಗಳಲ್ಲಂತೂ ಇದು ಎದ್ದು ಕಾಣುತ್ತದೆ. ಐದಾರು ಲಕ್ಷ ಒಟ್ಟಿಗೆ ಪಡೆದು, ಮಗನ ಸೀಟಿಗೋ ಮೇಲಿನ ಅಂತಸ್ತಿಗೋ ಹಾಕಿ, ಮೂರು ವರ್ಷದ ನಂತರ ‘ಹೊಸಬರು ಬಂದ್ರೆ ಅವರ ದುಡ್ಡಲ್ಲಿ ಕೊಡ್ತೀನಿ, ಮೊದಲು ನೀನು ಬಿಡು’ ಎನ್ನುವ ಮಾಲೀಕನ ಮಾತು ನಂಬಿ ಯಾರು ಸಾಮಾನು ಕಟ್ಟುತ್ತಾರೆ? ಬಿಟ್ಟ ಮೇಲೆ ಅವನ ಕೈಯಲ್ಲಿ ಉಳಿಯುವುದು ಒಂದು ಛಾಪಾ ಕಾಗದ ಮಾತ್ರ. ಬಹಳಷ್ಟು ಭೋಗ್ಯಪತ್ರಗಳು ಮೂರು ವರ್ಷಕ್ಕೆ ಬರೆದಿದ್ದರೂ ನೋಂದಣಿಯಾಗಿರುವುದಿಲ್ಲ. ಗುತ್ತಿಗೆಯೋ ಸ್ವಾಧೀನ ಅಡಮಾನವೋ ಎಂಬ ಚರ್ಚೆ ನ್ಯಾಯಾಲಯದಲ್ಲಿ ಎದ್ದರೆ ಎರಡೂ ಕಡೆಯವರಿಗೆ ನಷ್ಟ. ಭೋಗ್ಯಕ್ಕೆ ಕೊಟ್ಟವರು ಮನೆ ಕೇಳುವ ಮೊದಲು ಹಣ ಹೊಂದಿಸಿಟ್ಟಿರಬೇಕು. ಹಣ ಸಿದ್ಧವಿದೆ ಎಂದು ನೋಟಿಸಿನಲ್ಲೇ ಬರೆದ ಮಾಲೀಕನ ಎದುರು ಬಾಡಿಗೆದಾರನಿಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಇನ್ನೊಂದು ಕಾರಣವನ್ನು ಯಾರೂ ನೋಟಿಸಿನ ಉತ್ತರದಲ್ಲಿ ಬರೆಯುವುದಿಲ್ಲ. ಮನೆ ಕೇಳಲು ಹೋದರೆ ‘ನೀವು ಯಾವ ಜನ?’ ಎಂಬ ಪ್ರಶ್ನೆ ಮೊದಲು ಬರುವ ಬೀದಿಗಳಿವೆ. ದಲಿತರಿಗೆ, ಮುಸ್ಲಿಮರಿಗೆ, ಒಂಟಿ ಹೆಂಗಸರಿಗೆ ಇನ್ನೊಂದು ಮನೆ ಸಿಗುವುದು ಹದಿನೈದು ದಿನದ ಮಾತಲ್ಲ. ಅಂಥವರು ಒಂದೆರಡು ತಿಂಗಳು ಹೆಚ್ಚು ಕೇಳಿದರೆ ಅದು ಹಟವಲ್ಲ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಎರಡೂ ಕಡೆಯ ನೋವಿಗೆ ಮದ್ದು ಹುಡುಕಿತ್ತು. ಮನೆಯ ಅಡ್ವಾನ್ಸು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿರಬಾರದು. ಅವಧಿ ಮುಗಿದೂ ಬಿಡದವನು ಮೊದಲೆರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕಟ್ಟಬೇಕು. ತಕರಾರಿಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ. ಇದು ರಾಜ್ಯಗಳು ಒಪ್ಪಿದರೆ ಮಾತ್ರ ಜಾರಿಗೆ ಬರುವಂಥದ್ದು. ಆಂಧ್ರ, ತಮಿಳುನಾಡು, ಉತ್ತರ ಪ್ರದೇಶ, ಅಸ್ಸಾಂ ಇದರ ಜಾಡಿನಲ್ಲಿ ಕಾನೂನು ಮಾಡಿಕೊಂಡವು. ಎರಡು ತಿಂಗಳ ಅಡ್ವಾನ್ಸು ಎಂದರೆ ನಮ್ಮಲ್ಲಿ ಮಾಲೀಕರು ನಗುತ್ತಾರೆ, ನಾಲ್ಕು ಪಟ್ಟು ಎಂದರೆ ಬಾಡಿಗೆದಾರರು ಬೆಚ್ಚುತ್ತಾರೆ. ವಿಧಾನಸೌಧಕ್ಕೆ ಇಬ್ಬರ ಮತವೂ ಬೇಕು.

ಹಾಗಾಗಿ ಇದ್ದುದರಲ್ಲಿ ಬೇಗ ಮುಗಿಯುವುದು ದಾವೆ ಹಾಕಿದ ಮೇಲಿನ ರಾಜಿ. ದಾವೆಗೆ ಮುಂಚಿನ ರಾಜಿಯಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಊರ ಹಿರಿಯರ ಮುಂದೆ ‘ಯುಗಾದಿ ಹೊತ್ತಿಗೆ ಬಿಡ್ತೀನಿ’ ಎಂದ ಮಾತಿಗೆ ಯುಗಾದಿ ಕಳೆದ ಮೇಲೆ ಬೆಲೆಯಿಲ್ಲ. ಅದೇ ಮಾತು ನ್ಯಾಯಾಲಯದಲ್ಲಿ ರಾಜಿ ಅರ್ಜಿಯಾಗಿ ದಾಖಲಾದರೆ ಡಿಕ್ರಿಯಾಗುತ್ತದೆ. ಲೋಕ ಅದಾಲತ್‌ನಲ್ಲಿ ಆದರೆ ಅದರ ಮೇಲೆ ಮೇಲ್ಮನವಿಯೂ ಇಲ್ಲ, ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ. ಅದರಲ್ಲಿ ದಿನಾಂಕ ಇರಲಿ, ಮಕ್ಕಳ ಪರೀಕ್ಷೆ ಮುಗಿಯುವ ಏಪ್ರಿಲ್ ತಿಂಗಳಾದರೆ ಇಬ್ಬರಿಗೂ ಹಿತ. ಅಲ್ಲಿಯವರೆಗಿನ ಬಾಡಿಗೆ ಎಷ್ಟು, ಅಡ್ವಾನ್ಸು ಯಾವ ದಿನ ಯಾವ ಖಾತೆಗೆ, ಬಣ್ಣದ ಖರ್ಚಿಗೆ ಎಷ್ಟು ಹಿಡಿಯುವುದು, ಕರೆಂಟು ಬಿಲ್ಲು ಯಾರದು, ಎಲ್ಲವೂ ಬರೆದಿರಲಿ. ಹೇಳಿದ ದಿನ ಬಿಡದಿದ್ದರೆ ಹೊಸ ದಾವೆ ಬೇಡ, ನೇರ ಅಮಲ್ಜಾರಿ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಅವರ ವರಮಾನ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಮನೆಯ ಒಡತಿಗೂ ಬಾಡಿಗೆಗಿರುವಾಕೆಗೂ ಈ ಹಕ್ಕು ಒಂದೇ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಇದಕ್ಕೆ ಅರ್ಜಿ ಕೊಡಬಹುದು. ಹೋಗುವಾಗ ಕರಾರಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕು, ಮನೆ ಕಂದಾಯದ ರಸೀದಿ ಮತ್ತು ಕಳಿಸಿದ ನೋಟಿಸಿನ ಅಂಚೆ ರಸೀದಿ ಜೊತೆಯಲ್ಲಿರಲಿ.